1 ನೋಟ್ರಂಪ್ ಅಂದರೆ ಎಷ್ಟು ಪಾಯಿಂಟು? ನಮ್ಮ ಬ್ರಿಜ್ ಟೇಬಲ್ಲಿಗೆ ಒಂದು ಪದ್ಧತಿ ಹೇಳಿ

ಕೋಡಿಬಾಗ್ ಸಂಜೆ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರವಾರದಲ್ಲಿ ನಾಲ್ಕೇ ಜನರ ಇಸ್ಪೀಟಿನ ಬ್ರಿಜ್ ಟೇಬಲ್. ನಾನು, ನನ್ನ ಮಾವ (ಹೆಂಡತಿಯ ಅಪ್ಪ), ಪಕ್ಕದ ಮನೆಯ ಗಂಡ ಹೆಂಡತಿ. ಪ್ರತಿ ಶನಿವಾರ ನಾಲ್ಕರಿಂದ ಏಳರವರೆಗೆ ಆಟ. ಮಾವ ನನ್ನ ಜೋಡಿ.

ತೊಂದರೆ ಏನೆಂದರೆ, ನಾವಿಬ್ಬರೂ ಬೇರೆ ಬೇರೆ ಕಡೆ ಕಲಿತವರು. ಮಾವ ಕೆಲಸದ ಮೇಲೆ ಮುಂಬೈಯಲ್ಲಿದ್ದಾಗ ಆಕೋಲ್ ಅನ್ನುವ ಬಿಡ್ಡಿಂಗ್ ಪದ್ಧತಿ ಕಲಿತರು. ನಾನು ಮೊಬೈಲ್‌ನಲ್ಲಿ ಬ್ರಿಜ್ ಬೇಸ್ ಆಡುತ್ತಾ ಸ್ಟ್ಯಾಂಡರ್ಡ್ ಅಮೆರಿಕನ್ ಕಲಿತೆ. ಬ್ರಿಜ್ ಗೊತ್ತಿಲ್ಲದವರಿಗೆ: ಎಲೆ ಆಡುವ ಮುಂಚೆ ಎಷ್ಟು ಟ್ರಿಕ್ (ನಾಲ್ಕು ಎಲೆಯ ಒಂದು ಸುತ್ತು) ಗೆಲ್ಲುತ್ತೇವೆ ಅಂತ ಕೂಗುವುದು ಬಿಡ್; 1 ನೋಟ್ರಂಪ್ ಅಂದರೆ ತುರುಪಿಲ್ಲದೆ ಆರರ ಮೇಲೆ ಒಂದು, ಏಳು ಟ್ರಿಕ್. ಅವರ 1 ನೋಟ್ರಂಪ್ ಅಂದರೆ ಕೈಯಲ್ಲಿ 12ರಿಂದ 14 ಪಾಯಿಂಟು (ದೊಡ್ಡ ಎಲೆಗಳ ಬಲ). ನನ್ನದು 15ರಿಂದ 17. ಮೊನ್ನೆ ಅವರು 1 ನೋಟ್ರಂಪ್ ಅಂದರು. ನನ್ನ ಕೈಯಲ್ಲಿ 10 ಇತ್ತು. 25 ಆಯಿತಲ್ಲ, ಗೇಮ್‌ಗೆ (ದೊಡ್ಡ ಬೋನಸ್ ಸಿಗುವ ಮಟ್ಟಕ್ಕೆ) ಸಾಕು ಅಂತ ನೇರ 3 ನೋಟ್ರಂಪ್ ಅಂದೆ. ಅವರ ಹತ್ತಿರ ಇದ್ದದ್ದು 13. ವಲ್ನರಬಲ್ (ಸೋತರೆ ದಂಡ ಜಾಸ್ತಿ ಬೀಳುವ ಸ್ಥಿತಿ) ಬೇರೆ. ಎರಡು ಟ್ರಿಕ್ ಕಡಿಮೆ ಬಿತ್ತು, 200 ಹೋಯಿತು.

ಅದು ಹೋಗಲಿ. ಮುಂದಿನದು ನೋಡಿ.

ನನ್ನ ಕೈ: ಇಸ್ಪೀಟು ರಾಜ, ಗುಲಾಮ, 9, 7, 5, 3. ಆಟೀನು 8, 4. ಡೈಮಂಡ್ 7, 6, 2. ಕಳಾವರ್ 5, 3.
ಮಾವನ ಕೈ: ಇಸ್ಪೀಟು ಎಕ್ಕ, 8, 4. ಆಟೀನು ರಾಣಿ, 6, 2. ಡೈಮಂಡ್ ಎಕ್ಕ, ಗುಲಾಮ, 5. ಕಳಾವರ್ ರಾಜ, 9, 8, 4.

ಮಾವ 1 ನೋಟ್ರಂಪ್. ನಾನು 2 ಆಟೀನು. ನನ್ನ ಲೆಕ್ಕದಲ್ಲಿ ಅದು ಟ್ರಾನ್ಸ್‌ಫರ್, "ಇಸ್ಪೀಟಿಗೆ ಹೋಗಿ" ಅಂತ. ಮಾವನ ಲೆಕ್ಕದಲ್ಲಿ ಅದು "ನನಗೆ ಆಟೀನು ಐದು ಉಂಟು, ಕೈ ಸೋತಿದೆ, ಇಲ್ಲೇ ನಿಲ್ಲಿಸಿ" ಅಂತ. ಅವರು ಪಾಸ್. ಡಮ್ಮಿ (ಮೇಜಿನ ಮೇಲೆ ತೆರೆದಿಡುವ ಜೊತೆಗಾರನ ಕೈ) ಹರಡಿದಾಗ ನಮ್ಮ ತುರುಪು ಎರಡೂ ಕೈ ಸೇರಿ ಐದು ಎಲೆ. ಎದುರಿನವರ ಹತ್ತಿರ ಎಂಟು. ಒಟ್ಟು ನಾಲ್ಕು ಟ್ರಿಕ್ ಸಿಕ್ಕಿತು, ನಾಲ್ಕು ಕಡಿಮೆ. ಇಸ್ಪೀಟಲ್ಲಿ ಒಂಬತ್ತು ಎಲೆ ಇಟ್ಟುಕೊಂಡು!

ಮಾವ ಒಂದು ಮಾತೂ ಆಡಲಿಲ್ಲ. ಎಲೆ ಕಲಸಿ ಮುಂದಿನ ಆಟಕ್ಕೆ ಇಟ್ಟರು. ಅದೇ ನನಗೆ ಜಾಸ್ತಿ ಬೇಜಾರಾಯಿತು.

ಈಗ ನಾವಿಬ್ಬರೂ ಒಂದು ಪದ್ಧತಿ ಹಿಡಿಯಬೇಕು. ಯಾವುದು ಹಿಡಿಯೋಣ? ಮಾವನಿಗೆ 74 ವರ್ಷ. ನನಗೆ ಕಲಿಯಲು ಅಡ್ಡಿಲ್ಲ.

ಅಪ್ಪೆಹುಳಿ ಶಿರಸಿ (9:24)

ನೀವು ಹೇಳಿದ್ದರಲ್ಲೇ ಉತ್ತರ ಉಂಟು. ಐದೆಲೆ ಮೇಜರ್ (ಆಟೀನು, ಇಸ್ಪೀಟು), 15–17 ನೋಟ್ರಂಪ್. ಇವತ್ತು ಆನ್‌ಲೈನ್‌ನಲ್ಲಿ ಯಾರ ಜೊತೆ ಕೂತರೂ ಇದೇ. ಮಾವನಿಗೆ ಹೇಳಿಕೊಡಿ. ಒಂದು ತಿಂಗಳು ಸಾಕು.

ಐದೆಲೆ ಇದ್ದರೆ ಮಾತ್ರ ಆಟೀನು ಅಥವಾ ಇಸ್ಪೀಟು ಓಪನ್ ಮಾಡುವುದರಲ್ಲಿ, ಅಂದರೆ ಮೊದಲ ಬಿಡ್ ಆಗಿ ಹೇಳುವುದರಲ್ಲಿ, ಒಂದು ನಿಶ್ಚಿಂತೆ ಇದೆ. ಜೊತೆಗಾರನ ಹತ್ತಿರ ಮೂರೆಲೆ ಇದ್ದರೆ ತಕ್ಷಣ ಎಂಟು ಅಂತ ಗೊತ್ತಾಗುತ್ತದೆ. ಉಳಿದ ಐದು ಎಲೆ ಎದುರಿನವರಲ್ಲಿ 3–2 ಹಂಚಿ ಹೋಗುವುದು ನೂರಕ್ಕೆ 68 ಸಲ. ನಾಲ್ಕೆಲೆ ಮೇಲೆ ಓಪನ್ ಮಾಡಿದರೆ ಈ ಲೆಕ್ಕ ಕೈಗೇ ಸಿಗುವುದಿಲ್ಲ.

ಕಾಳಿ ದಂಡೆ (9:31)

ಹೆಡಿಂಗ್‌ನಲ್ಲಿ ಬ್ರಿಜ್ ಅಂತ ನೋಡಿ ನಮ್ಮ ಕಾಳಿ ನದಿ ಬ್ರಿಜ್ ವಿಷಯ ಅಂತ ಓಡಿ ಬಂದೆ. 2024ರ ಆಗಸ್ಟ್‌ನಲ್ಲಿ ಹಳೇದು ಬಿದ್ದ ಮೇಲೆ ಆ ಶಬ್ದ ಕಂಡರೇ ಎದೆ ಹಾರುತ್ತದೆ. ಇದು ಇಸ್ಪೀಟಿನ ವಿಷಯವಾ? ಮುಂದುವರಿಸಿ, ಓದುತ್ತೇನೆ.

ಹೊನ್ನಾವರದ ಅಕ್ಕ (9:50)

ಅಪ್ಪೆಹುಳಿಯವರೆ, 74 ವರ್ಷದವರಿಗೆ "ಒಂದು ತಿಂಗಳು ಸಾಕು" ಅನ್ನುವುದು ಸುಲಭ. ನಾನು 52ಕ್ಕೆ ಬ್ರಿಜ್ ಕಲಿತವಳು. ಹೊಸದು ಕಲಿಯುವುದು ಕಷ್ಟ ಅಲ್ಲ. ಹಳೇದು ಮರೆಯುವುದು ಕಷ್ಟ. ಕೈಯಲ್ಲಿ 13 ಪಾಯಿಂಟು, ಸಮನಾಗಿ ಹಂಚಿದ ಎಲೆ ಬಂತು ಅಂದರೆ ಆ ಹಿರಿಯರ ಬಾಯಲ್ಲಿ ತಾನಾಗಿಯೇ 1 ನೋಟ್ರಂಪ್ ಬರುತ್ತದೆ. ನಲವತ್ತು ವರ್ಷದ ಅಭ್ಯಾಸ ಅದು.

ಕೋಡಿಬಾಗ್‌ನವರೆ, ನೀವೇ ಬದಲಾಗಿ. ಕಲಿಯಲು ಅಡ್ಡಿಲ್ಲ ಅಂತ ನೀವೇ ಬರೆದಿದ್ದೀರಿ.

ಮಲ್ಲಾಪುರ ಕಾಲೊನಿ (10:05)

ಇಬ್ಬರೂ ಬದಲಾಗುವುದಾದರೆ ಪ್ರಿಸಿಷನ್ ನೋಡಿ. ಯಾರಿಗೂ ಸೋಲಿಲ್ಲ, ಇಬ್ಬರೂ ಹೊಸದಾಗಿ ಶುರು ಮಾಡಿದ ಹಾಗೆ. 16 ಅಥವಾ ಜಾಸ್ತಿ ಪಾಯಿಂಟು ಇದ್ದರೆ 1 ಕಳಾವರ್. ಉಳಿದ 1ರ ಮಟ್ಟದ ಓಪನಿಂಗ್ ಎಲ್ಲ 16ಕ್ಕಿಂತ ಕಡಿಮೆ. ಜೊತೆಗಾರನಿಗೆ ಮೊದಲ ಬಿಡ್‌ನಲ್ಲೇ ಅರ್ಧ ಕತೆ ಗೊತ್ತಾಗಿ ಹೋಗುತ್ತದೆ. ಸಿ. ಸಿ. ವೇ ಮಾಡಿದ ಈ ಪದ್ಧತಿ ಹಿಡಿದು 1969ರಲ್ಲಿ ತೈವಾನ್ ತಂಡ ಬರ್ಮುಡಾ ಬೌಲ್ (ಬ್ರಿಜ್ ವಿಶ್ವ ಚಾಂಪಿಯನ್‌ಶಿಪ್) ಫೈನಲ್‌ಗೆ ಹೋಯಿತು. ಯಾರೂ ಎಣಿಸಿರಲಿಲ್ಲ. ಗಟ್ಟಿ ಕಳಾವರ್ ಪದ್ಧತಿಗೆ ಮೂಲವೇ ಅದು.

ಕುಮಟಾ ಮಳೆಗಾಲ (10:12)

ಮೂಲ ಅಲ್ಲ ಮಾರಾಯ್ರೆ. ಗಟ್ಟಿ ಕೈಗೆ 1 ಕಳಾವರ್ ಅನ್ನುವುದು ವಾಂಡರ್‌ಬಿಲ್ಟ್ ಕಾಲದ್ದು. 1925ರಲ್ಲಿ ಹಡಗಿನ ಪ್ರಯಾಣದಲ್ಲಿ ಈಗಿನ ಕಾಂಟ್ರಾಕ್ಟ್ ಬ್ರಿಜ್‌ನ ಲೆಕ್ಕ ಕೂರಿಸಿದವರೂ ಅವರೇ. ವೇ ಬಂದದ್ದು ಎಷ್ಟೋ ವರ್ಷ ಆದ ಮೇಲೆ.

ಇನ್ನೊಂದು ಮಾತು. ಪ್ರಿಸಿಷನ್‌ನಲ್ಲಿ 1 ಕಳಾವರ್ ಅಂದ ತಕ್ಷಣ ಎದುರಿನವರು ನಡುವೆ 2 ಇಸ್ಪೀಟು, 3 ಇಸ್ಪೀಟು ಅಂತ ಹಾರಿದರೆ ಏನು ಮಾಡುತ್ತೀರಿ? ನಿಮ್ಮ ಬಣ್ಣ ಯಾವುದು ಅಂತ ಇನ್ನೂ ಹೇಳಿಯೇ ಇಲ್ಲ. ಅಲ್ಲಿಂದ ಮುಂದಿನ ಪಾಠ ದೊಡ್ಡದು. ವಾರಕ್ಕೆ ಮೂರು ತಾಸು ಆಡುವ ಟೇಬಲ್ಲಿಗೆ ಅದು ಬೇಡ.

ಮಲ್ಲಾಪುರ ಕಾಲೊನಿ (10:20)

ವಾಂಡರ್‌ಬಿಲ್ಟ್ ವಿಷಯ ಒಪ್ಪಿದೆ, ನನ್ನದು ತಪ್ಪು. ಆದರೆ ಎದುರಿನವರು ಹಾರುವುದು ಎಲ್ಲ ಪದ್ಧತಿಯಲ್ಲೂ ಇದ್ದದ್ದೇ. ನಾನು ಮತ್ತು ನನ್ನ ಜೊತೆಗಾರ ಆರು ವರ್ಷದಿಂದ ಪ್ರಿಸಿಷನ್ ಆಡುತ್ತಿದ್ದೇವೆ. ನನಗೆ ಇದರ ಮೇಲೆ ಪ್ರೀತಿ. ಹೇಳದೆ ಇರಲಾರೆ.

ಕರಿ ಇಶಾಡ (10:34)

ಅಂಕೋಲೆಯವನು. ಬ್ರಿಜ್ ಗೊತ್ತಿಲ್ಲ, ಇಸ್ಪೀಟಿನ 28 ಆಟ ಚೆನ್ನಾಗಿ ಗೊತ್ತು. ನೀವು ಪಾಯಿಂಟು ಅನ್ನುವುದು ಯಾವುದು? ನಮ್ಮ ಹಾಗೆ ಗುಲಾಮನಿಗೆ 3, ಒಂಬತ್ತಕ್ಕೆ 2 ಅಂತಲಾ?

ಅಪ್ಪೆಹುಳಿ ಶಿರಸಿ (10:48)

ಅಲ್ಲ. ಇಲ್ಲಿ ಎಕ್ಕ 4, ರಾಜ 3, ರಾಣಿ 2, ಗುಲಾಮ 1. ಒಂದು ಬಣ್ಣಕ್ಕೆ 10, ನಾಲ್ಕು ಬಣ್ಣಕ್ಕೆ 40. ಇಬ್ಬರ ಕೈ ಸೇರಿ 25–26 ಇದ್ದರೆ ಗೇಮ್, 33 ಇದ್ದರೆ ಸ್ಮಾಲ್ ಸ್ಲಾಮ್ (12 ಟ್ರಿಕ್), 37 ಇದ್ದರೆ ಗ್ರ್ಯಾಂಡ್ (13 ಟ್ರಿಕ್). ಇದು ಅಂದಾಜು ಲೆಕ್ಕ. 28ರಲ್ಲಿ ಪಾಯಿಂಟು ಗೆಲ್ಲಬೇಕು. ಬ್ರಿಜ್‌ನಲ್ಲಿ ಪಾಯಿಂಟು ಬರೀ ಕೈಯ ಬಲ ಅಳೆಯಲು. ಗೆಲ್ಲಬೇಕಾದದ್ದು ಟ್ರಿಕ್.

28 ಗೊತ್ತಿದ್ದರೆ ನಿಮಗೆ ಅರ್ಧ ಬ್ರಿಜ್ ಗೊತ್ತು. ನಾನು ಕಲಿತದ್ದೂ ಅಲ್ಲಿಂದಲೇ. ಚಿಕ್ಕವನಿದ್ದಾಗ ನಮ್ಮ ಕಡೆ ಮದುವೆ ಮನೆಯಲ್ಲಿ ಹಿಂದಿನ ರಾತ್ರಿ ಇಸ್ಪೀಟು ಮಂಡಲ ಕೂರುತ್ತಿತ್ತು. ಅಟ್ಟದ ಮೇಲೆ ಕಂಬಳಿ ಹಾಸಿ, ನಡುವೆ ಕವಳದ ಬಟ್ಟಲು ಇಟ್ಟು. ನಾನು ದೊಡ್ಡಪ್ಪನ ಬೆನ್ನ ಹಿಂದೆ ಕೂತು ಅವರ ಎಲೆ ನೋಡುತ್ತಿದ್ದೆ. ಅವರು ನಾಲ್ಕು ಎಲೆ ನೋಡಿ 16 ಅಂತ ಕರೆದು, ತುರುಪಿನ ಎಲೆ ಮಗುಚಿ ಇಟ್ಟರೆ, ಎದುರು ಕೂತ ಜೊತೆಗಾರರು ಅದು ಯಾವ ಬಣ್ಣ ಅಂತ ಮೊದಲ ಎರಡು ಆಟದಲ್ಲೇ ಹಿಡಿಯುತ್ತಿದ್ದರು. ಜೊತೆಗಾರ ಏನು ಹೇಳುತ್ತಿದ್ದಾನೆ ಅಂತ ಕೇಳಿಸಿಕೊಳ್ಳುವ ಅಭ್ಯಾಸ ನನಗೆ ಬಂದದ್ದು ಆ ಅಟ್ಟದ ಮೇಲೆ.

ಕರಿ ಇಶಾಡ (10:52)

ನಮ್ಮಲ್ಲಿ ಕೆಲವರು ಕಿವಿ ಮುಟ್ಟಿ, ಕೆಮ್ಮಿ ಸನ್ನೆ ಮಾಡುತ್ತಾರೆ. ಬ್ರಿಜ್‌ನವರು ಕನ್ವೆನ್ಷನ್ ಅನ್ನುವುದು, ಬಿಡ್‌ಗೆ ಬೇರೆ ಅರ್ಥ ಇಟ್ಟುಕೊಳ್ಳುವುದು, ಅದೇ ತರಹದ್ದಾ?

ಕುಮಟಾ ಮಳೆಗಾಲ (11:03)

ಖಂಡಿತ ಅಲ್ಲ. ಇದು ಮುಖ್ಯ ವಿಷಯ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬ್ರಿಜ್‌ನಲ್ಲಿ ಜೊತೆಗಾರನಿಗೆ ಏನು ಹೇಳಬೇಕಿದ್ದರೂ ಬಿಡ್‌ನಿಂದ ಮತ್ತು ಆಡುವ ಎಲೆಯಿಂದ ಮಾತ್ರ ಹೇಳಬೇಕು. ಅದರ ಅರ್ಥ ಎದುರಿನ ಜೋಡಿಗೂ ಗೊತ್ತಿರಬೇಕು. ಕೇಳಿದರೆ ಹೇಳಲೇಬೇಕು. ಟೂರ್ನಮೆಂಟ್‌ನಲ್ಲಿ ಪ್ರತಿ ಜೋಡಿ ತಮ್ಮ ಪದ್ಧತಿ ಬರೆದ ಕಾರ್ಡ್ ಮೇಜಿನ ಮೇಲೆ ಇಡುತ್ತದೆ. ಬಿಡ್‌ನ ಅರ್ಥ ಮಾಮೂಲಿಯಾಗಿ ಇಲ್ಲದಿದ್ದರೆ ಬಿಡ್ ಮಾಡಿದವನು ಅಲ್ಲ, ಅವನ ಜೊತೆಗಾರ "ಅಲರ್ಟ್" ಅನ್ನಬೇಕು. ಗುಟ್ಟಿನ ಒಪ್ಪಂದ ಅಂದರೆ ಮೋಸ. ಅಷ್ಟೇ.

ಕೋಡಿಬಾಗ್‌ನವರೆ, ಆ 2 ಆಟೀನು ಕೈಯಲ್ಲಿ ಎದುರಿನವರು ಅರ್ಥ ಕೇಳಿದರಾ?

ಕೋಡಿಬಾಗ್ ಸಂಜೆ (11:10)

ಕೇಳಿದರು. ಮಾವ "ಆಟೀನು ಐದು ಅಥವಾ ಜಾಸ್ತಿ" ಅಂದರು. ಆಗ ನನ್ನ ಮುಖ ಕೆಟ್ಟದ್ದು ಎಲ್ಲರಿಗೂ ಕಂಡಿತಂತೆ. ಪಕ್ಕದ ಮನೆಯ ಅಕ್ಕ ಆಮೇಲೆ ಹೇಳಿದರು.

ಕುಮಟಾ ಮಳೆಗಾಲ (11:21)

ಮುಖವೂ ಮಾತಾಡಬಾರದು. ಯೋಚನೆ ಮಾಡುವ ಹೊತ್ತು, ನಿಟ್ಟುಸಿರು, ಎಲೆ ಜೋರಾಗಿ ಇಡುವುದು, ಇದ್ಯಾವುದನ್ನೂ ಜೊತೆಗಾರ ಬಳಸಿಕೊಳ್ಳುವ ಹಾಗಿಲ್ಲ.

ಇನ್ನೊಂದು ನಿಯಮ ನೆನಪಿಡಿ. ಜೊತೆಗಾರ ತಪ್ಪು ಅರ್ಥ ಹೇಳಿದ್ದರೆ ಆಡುವ ಕಡೆಯವರು ಬಿಡ್ಡಿಂಗ್ ಮುಗಿದ ಮೇಲೆ, ಮೊದಲ ಎಲೆ ಬೀಳುವ ಮುಂಚೆ ತಿದ್ದಬೇಕು. ತಡೆಯುವ ಕಡೆಯವರಾದರೆ ಆಟ ಪೂರ್ತಿ ಮುಗಿದ ಮೇಲೆ. ಬಿಡ್ಡಿಂಗ್ ನಡುವೆ ಬಾಯಿ ಬಿಡಬಾರದು. ನಿಮ್ಮ ವಿಷಯದಲ್ಲಿ ಒಪ್ಪಂದವೇ ಇರಲಿಲ್ಲ. ಅದಕ್ಕೇ ಮೊದಲು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಿ.

ಬೈತಖೋಲ್ (ಸೋಮವಾರ, ಬೆಳಿಗ್ಗೆ 6:40)

ಮನೆ ಆಟಕ್ಕೆ ಇಷ್ಟೆಲ್ಲ ನಿಯಮ ಬೇಕಾ? ನಾಲ್ಕು ಜನ ಸುಮ್ನೆ ಖುಷಿಗೆ ಕೂತಿರುತ್ತಾರೆ.

ಕುಮಟಾ ಮಳೆಗಾಲ (7:02)

ಬೇಕು. ಖುಷಿ ಉಳಿಯಬೇಕಾದರೆ ಬೇಕು. ಎರಡು ವರ್ಷ ಒಟ್ಟಿಗೆ ಕೂತು ಆಡಿದ ನಮ್ಮ ಟೇಬಲ್ ಒಂದು ನಿಟ್ಟುಸಿರಿನ ಜಗಳದಲ್ಲಿ ಮುರಿಯಿತು. ಆ ಇಬ್ಬರು ಇವತ್ತಿಗೂ ಮಾತಾಡುವುದಿಲ್ಲ.

ಹೊನ್ನಾವರದ ಅಕ್ಕ (8:15)

ಕರಿ ಇಶಾಡ ತಮ್ಮಾ, ಕನ್ವೆನ್ಷನ್ ಅಂದರೆ ಏನು ಅಂತ ನಾನು ಹೇಳುತ್ತೇನೆ. ಒಂದೇ ಉದಾಹರಣೆ, ಸ್ಟೇಮನ್.

ಜೊತೆಗಾರ 1 ನೋಟ್ರಂಪ್ ಅಂದ. ನನ್ನ ಕೈಯಲ್ಲಿ ಆಟೀನು ನಾಲ್ಕು ಇದೆ. ಅವನ ಕೈಯಲ್ಲೂ ನಾಲ್ಕು ಇದ್ದರೆ ಎಂಟಾಗುತ್ತದೆ, ತುರುಪು ಮಾಡಿ ಆಡುವುದು ಒಳ್ಳೆಯದು. ಕೇಳುವುದು ಹೇಗೆ? 2 ಕಳಾವರ್ ಅನ್ನುತ್ತೇನೆ. ನನಗೆ ಕಳಾವರ್ ಇದೆ ಅಂತಲ್ಲ. ನಾನು ಮೀನು ಪೇಟೆಗೆ ಹೋಗಿ "ಬಂಗಡೆ ಉಂಟಾ?" ಅಂತ ಕೇಳಿದರೆ ನನ್ನ ಚೀಲದಲ್ಲಿ ಬಂಗಡೆ ಇದೆ ಅಂತ ಯಾರಾದರೂ ತಿಳಿಯುತ್ತಾರಾ? ಇದೂ ಹಾಗೆ, ಪ್ರಶ್ನೆ. ಅವನು 2 ಆಟೀನು ಅಂದರೆ ಆಟೀನು ನಾಲ್ಕು ಉಂಟು. 2 ಇಸ್ಪೀಟು ಅಂದರೆ ಇಸ್ಪೀಟು ನಾಲ್ಕು ಉಂಟು. 2 ಡೈಮಂಡ್ ಅಂದರೆ ಎರಡೂ ಇಲ್ಲ.

ಸ್ಟೇಮನ್ ಅನ್ನುವವರು ಇದನ್ನು ಕಂಡುಹಿಡಿದರು. ಅವರ ಹೆಸರೇ ಬಂತು.

ಮಲ್ಲಾಪುರ ಕಾಲೊನಿ (8:40)

ಅಕ್ಕ, ಚೆನ್ನಾಗಿ ಹೇಳಿದಿರಿ. ಒಂದೇ ತಿದ್ದುಪಡಿ. ಯೋಚನೆ ಅವರ ಜೊತೆಗಾರ ಜಾರ್ಜ್ ರಪೇ ಅವರದ್ದು. ಸ್ಟೇಮನ್ 1945ರಲ್ಲಿ ಅದರ ಬಗ್ಗೆ ಬರೆದರು, ಹಾಗಾಗಿ ಅವರ ಹೆಸರು ನಿಂತಿತು.

ಹೊನ್ನಾವರದ ಅಕ್ಕ (8:44)

ಹೌದಾ! ಪಾಪ ರಪೇ. ಇನ್ನು ಮುಂದೆ ಕಲಿಸುವಾಗ ಎರಡೂ ಹೆಸರು ಹೇಳುತ್ತೇನೆ.

ಸೋಂದೆ ಭಾವ (9:30)

ನಾನು ಆಕೋಲ್ ಪರ. ಯಾರೂ ಮಾತಾಡುತ್ತಿಲ್ಲ ಅಂತ ಬಂದೆ.

12–14 ನೋಟ್ರಂಪ್ ಅಂದರೆ ಹಳೇ ಕಾಲದ್ದು ಅಂತ ತಳ್ಳಬೇಡಿ. ಎಲೆ ಹಂಚಿದಾಗ 12, 13, 14 ಪಾಯಿಂಟಿನ ಕೈ ಬರುವುದು 15, 16, 17ಕ್ಕಿಂತ ಜಾಸ್ತಿ. ಅಂದರೆ ಈ ಬಿಡ್ ಪದೇ ಪದೇ ಕೆಲಸಕ್ಕೆ ಬರುತ್ತದೆ. ನೀವು 1 ನೋಟ್ರಂಪ್ ಅಂದ ಮೇಲೆ ಎದುರಿನವನಿಗೆ 1 ಇಸ್ಪೀಟು ಅನ್ನುವ ಜಾಗವೇ ಇಲ್ಲ. ಬರಬೇಕಾದರೆ 2ರ ಮಟ್ಟಕ್ಕೇ ಬರಬೇಕು. ಎಷ್ಟೋ ಸಲ ಅವರ ಇಸ್ಪೀಟು ಬಾಯಲ್ಲೇ ಉಳಿಯುತ್ತದೆ.

ನಾಲ್ಕೆಲೆ ಮೇಜರ್ ಬಗ್ಗೆಯೂ ಅಷ್ಟೇ. ಕೈಯಲ್ಲಿ ಇರುವ ಬಣ್ಣವನ್ನು ಇದೆ ಅಂತ ಹೇಳುವುದು. ಐದೆಲೆಯವರು ಎರಡೆಲೆ, ಮೂರೆಲೆ ಕಳಾವರ್ ಮೇಲೆ "1 ಕಳಾವರ್" ಅಂತ ಓಪನ್ ಮಾಡುತ್ತಾರೆ. ಅದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಅಪ್ಪೆಹುಳಿ ಶಿರಸಿ (9:41)

ಭಾವ, ವಲ್ನರಬಲ್ ಇದ್ದಾಗ ಆ 12 ಪಾಯಿಂಟಿನ ನೋಟ್ರಂಪ್‌ಗೆ ಡಬಲ್ (ಎದುರಿನವರು ದಂಡ ಏರಿಸುವ ಕರೆ) ಬಿದ್ದರೆ? ಜೊತೆಗಾರನ ಕೈಯಲ್ಲಿ 3 ಪಾಯಿಂಟು ಇದ್ದು ಎರಡು ಕಡಿಮೆಯಾದರೆ 500. ಅವರು 4 ಆಟೀನು ಆಡಿ ಗೆದ್ದಿದ್ದರೂ ನಾನ್ ವಲ್ನರಬಲ್‌ನಲ್ಲಿ 420 ಅಷ್ಟೇ. ಅವರಿಗೆ ಗೇಮ್ ಇರದಿದ್ದರಂತೂ ದಾನ ಕೊಟ್ಟ ಹಾಗೆ.

ಸೋಂದೆ ಭಾವ (9:55)

ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಮೂವತ್ತು ವರ್ಷದಲ್ಲಿ ನನಗೂ ಆಗಿದೆ. ಆದರೆ ಆಗದೆ ಉಳಿದ ಸಲ ಎದುರಿನವರು ಗೇಮ್ ತಪ್ಪಿಸಿಕೊಂಡದ್ದು ಲೆಕ್ಕಕ್ಕೆ ಹಿಡಿಯಿರಿ. ಹೆದರಿಕೆ ಇದ್ದರೆ ವಲ್ನರಬಲ್ ಇದ್ದಾಗ 15–17, ಇಲ್ಲದಿದ್ದಾಗ 12–14 ಇಟ್ಟುಕೊಳ್ಳಿ. ಹಾಗೆ ಆಡುವವರು ಇದ್ದಾರೆ.

ಹೊನ್ನಾವರದ ಅಕ್ಕ (10:02)

ಬೇಡವೇ ಬೇಡ. ಒಂದೇ ಬಿಡ್‌ಗೆ ಎರಡು ಅರ್ಥ ಅಂತ ಆಗಿಯೇ ಈ ಚರ್ಚೆ ಶುರುವಾದದ್ದು. ಮತ್ತೆ ಎರಡು ಅರ್ಥ ಇಡುವುದಾ?

ಬೈತಖೋಲ್ (10:10)

ಅಕ್ಕ ಹೇಳಿದ್ದೇ ಸರಿ.

ಸಾತೊಡ್ಡಿ (12:20)

ಬ್ಲಾಕ್‌ವುಡ್ ಬಗ್ಗೆ ಯಾರೂ ಹೇಳಲಿಲ್ಲ. 4 ನೋಟ್ರಂಪ್ ಅಂದರೆ "ಎಕ್ಕ ಎಷ್ಟು?" ಅಂತ. 5 ಕಳಾವರ್ ಅಂದರೆ ಒಂದೂ ಇಲ್ಲ ಅಥವಾ ನಾಲ್ಕೂ ಇದೆ, 5 ಡೈಮಂಡ್ ಒಂದು, 5 ಆಟೀನು ಎರಡು, 5 ಇಸ್ಪೀಟು ಮೂರು. ಇದನ್ನು ಮೊದಲು ಸೇರಿಸಿ. ಜೊತೆಗಾರ 1 ನೋಟ್ರಂಪ್ ಅಂದ, ನಿಮ್ಮ ಕೈಯಲ್ಲಿ 17 ಇದ್ದರೆ 4 ನೋಟ್ರಂಪ್ ಅಂತ ಕೇಳಿಬಿಡಿ.

ಮಲ್ಲಾಪುರ ಕಾಲೊನಿ (12:33)

ಕೊನೆಯ ಸಾಲು ತಪ್ಪು. ನೇರ 1 ನೋಟ್ರಂಪ್ ಮೇಲೆ 4 ನೋಟ್ರಂಪ್ ಬಂದರೆ ಅದು ಎಕ್ಕದ ಪ್ರಶ್ನೆ ಅಲ್ಲ. "ನಿನ್ನ ಪಾಯಿಂಟು ಮೇಲಿನ ತುದಿಯಲ್ಲಿದ್ದರೆ 6 ನೋಟ್ರಂಪ್ ಅನ್ನು, ಇಲ್ಲದಿದ್ದರೆ ಪಾಸ್" ಅಂತ. ನೋಟ್ರಂಪ್ ಮೇಲೆ ಎಕ್ಕ ಕೇಳಲು ಗರ್ಬರ್ ಇದೆ, 4 ಕಳಾವರ್.

ಮತ್ತೆ ಬ್ಲಾಕ್‌ವುಡ್ ಕೇಳುವ ಮುಂಚೆ ಉತ್ತರ ಎಲ್ಲಿ ಬಂದು ನಿಲ್ಲುತ್ತದೆ ಅಂತ ನೋಡಬೇಕು. ನನಗೆ ಆದದ್ದು ಹೇಳುತ್ತೇನೆ. ನಮ್ಮ ತುರುಪು ಕಳಾವರ್. ನನ್ನ ಕೈಯಲ್ಲಿ ಒಂದು ಎಕ್ಕ. 4 ನೋಟ್ರಂಪ್ ಕೇಳಿದೆ. ಉತ್ತರ 5 ಡೈಮಂಡ್, ಒಂದು. ಒಟ್ಟು ಎರಡು ಎಕ್ಕ ಎದುರಿನವರಲ್ಲಿ. ನಿಲ್ಲಬೇಕು, ಆದರೆ 5 ಕಳಾವರ್ ದಾಟಿ ಆಗಿದೆ. ಹಿಂದೆ ಹೋಗುವ ಹಾಗಿಲ್ಲ. 6 ಕಳಾವರ್ ಅಂದೆ. ಎದುರಿನವರು ಮೊದಲ ಎಲೆ ಎಕ್ಕ, ಎರಡನೇ ಎಲೆ ಎಕ್ಕ ಇಟ್ಟರು. ಎರಡು ನಿಮಿಷದಲ್ಲಿ ಮುಗಿಯಿತು.

ಸಾತೊಡ್ಡಿ (12:41)

ಅಯ್ಯೋ, ನಾನು ಇಷ್ಟು ದಿನ ತಪ್ಪಾಗಿ ಆಡುತ್ತಿದ್ದೆ. ಇವತ್ತೇ ಜೊತೆಗಾರನಿಗೆ ಹೇಳುತ್ತೇನೆ.

ಕಾಳಿ ದಂಡೆ (2:15)

ಓದುತ್ತಾ ಓದುತ್ತಾ ಆಸಕ್ತಿ ಬಂತು. ಆದರೆ ನಮ್ಮ ಮನೆಯಲ್ಲಿ ಇಸ್ಪೀಟು ಅಂದರೆ ಜೂಜು, ಪೊಲೀಸ್ ರೈಡು. ಅಮ್ಮ ಎಲೆ ಒಳಗೆ ತರಲು ಬಿಡುವುದಿಲ್ಲ. ನೀವೆಲ್ಲ ಮನೆಯಲ್ಲಿ ಹೇಗೆ ಹೇಳುತ್ತೀರಿ?

ಅಪ್ಪೆಹುಳಿ ಶಿರಸಿ (2:40)

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಜೋಡಿ ಬ್ರಿಜ್‌ನಲ್ಲಿ ಚಿನ್ನ ಗೆದ್ದಿತು. ಬರ್ಧನ್ ಅವರಿಗೆ ಆಗ 60 ವರ್ಷ. ಹಾಂಗ್‌ಝೌ ಗೇಮ್ಸ್‌ನಲ್ಲಿ ಪುರುಷರ ತಂಡಕ್ಕೆ ಬೆಳ್ಳಿ ಬಂತು. ಅಮ್ಮನಿಗೆ ಅದನ್ನು ತೋರಿಸಿ.

ಇನ್ನೂ ಒಂದು ಹೇಳಿ. ಡುಪ್ಲಿಕೇಟ್ ಬ್ರಿಜ್‌ನಲ್ಲಿ ಒಂದೇ ಹಂಚಿಕೆಯನ್ನು ಎಲ್ಲ ಟೇಬಲ್ಲಿನಲ್ಲೂ ಆಡಿಸುತ್ತಾರೆ. ನಿಮಗೆ ಬಂದ ಸೋತ ಕೈಯೇ ಬೇರೆ ಟೇಬಲ್ಲಿನಲ್ಲಿ ನಿಮ್ಮ ಜಾಗದಲ್ಲಿ ಕೂತವನಿಗೂ ಬಂದಿರುತ್ತದೆ. ಅವನಿಗಿಂತ ಚೆನ್ನಾಗಿ ಆಡಿದಿರಾ ಅನ್ನುವುದೇ ಲೆಕ್ಕ. ಎಲೆಯ ಅದೃಷ್ಟ ಅಲ್ಲಿ ನಡೆಯುವುದಿಲ್ಲ.

ಕಾಳಿ ದಂಡೆ (2:46)

ಇದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಹೇಳಿ ನೋಡುತ್ತೇನೆ.

ಸೋಂದೆ ಭಾವ (4:05)

ಕೋಡಿಬಾಗ್‌ನವರು ಒಂದು ವಿಷಯ ತಪ್ಪು ತಿಳಿದಿದ್ದಾರೆ ಅನಿಸುತ್ತದೆ. ಆಕೋಲ್ ಹಿಡಿದರೆ ಟ್ರಾನ್ಸ್‌ಫರ್ ಬಿಡಬೇಕು ಅಂತಿಲ್ಲ. ಈಗ ಇಂಗ್ಲೆಂಡ್‌ನಲ್ಲಿ ಹೊಸಬರಿಗೆ ಕಲಿಸುವ ಆಕೋಲ್‌ನಲ್ಲೇ 12–14 ನೋಟ್ರಂಪ್, ಸ್ಟೇಮನ್, ಟ್ರಾನ್ಸ್‌ಫರ್ ಮೂರೂ ಉಂಟು. ನಿಮ್ಮ ಮಾವ ಕಲಿತದ್ದು ಅದಕ್ಕಿಂತ ಹಳೇ ರೂಪ. ಅವರಿಗೆ ಪದ್ಧತಿ ಬದಲಿಸಿ ಅನ್ನಬೇಡಿ. ಒಂದು ಕೋಣೆ ಸೇರಿಸೋಣ ಅನ್ನಿ, ಮನೆ ಅದೇ ಇರಲಿ.

ಟ್ರಾನ್ಸ್‌ಫರ್‌ನ ಲಾಭ ನಿಮ್ಮ ಆ ಕೈಯಲ್ಲೇ ತೋರಿಸಬಹುದು. ಅದನ್ನೇ ಮತ್ತೆ ಹರಡಿ ಇಡಿ. ಮಾವನ ಕಳಾವರ್ ರಾಜ, 9, 8, 4 ನೋಡಿ. ಹಳೇ ಪದ್ಧತಿಯಲ್ಲಿ ನೀವು 2 ಇಸ್ಪೀಟು ಅಂದು ನೀವೇ ಆಡಿದರೆ ಆ ರಾಜ ಡಮ್ಮಿಯಲ್ಲಿ ಎಲ್ಲರ ಕಣ್ಣೆದುರು ಬೀಳುತ್ತಾನೆ. ನಿಮ್ಮ ಬಲಗಡೆಯವರ ಹತ್ತಿರ ಎಕ್ಕ ಇದ್ದರೆ ಎಡಗಡೆಯಿಂದ ಕಳಾವರ್ ಬಂತು ಅಂದರೆ ರಾಜ ಸತ್ತ. ಟ್ರಾನ್ಸ್‌ಫರ್ ಆದರೆ ಇಸ್ಪೀಟು ಮೊದಲು ಹೇಳಿದವರು ಮಾವ, ಆಡುವವರೂ ಅವರೇ. ಮೊದಲ ಎಲೆ ಅವರ ಎಡಗಡೆಯಿಂದ ಬರುತ್ತದೆ, ಅವರು ಕೊನೆಗೆ ಎಲೆ ಹಾಕುತ್ತಾರೆ. ಎಡಗಡೆಯವನು ಕಳಾವರ್ ಇಟ್ಟರೆ ರಾಜನಿಗೆ ಟ್ರಿಕ್ ಸಿಕ್ಕೇ ಸಿಗುತ್ತದೆ. ಡೈಮಂಡ್ ಎಕ್ಕ–ಗುಲಾಮದ್ದೂ ಇದೇ ಕತೆ. ಅದೂ ಮುಚ್ಚಿದ ಕೈಯಲ್ಲೇ ಉಳಿಯುತ್ತದೆ.

ಹಳಬರಿಗೆ ಎಲೆ ಇಟ್ಟು ತೋರಿಸಿದರೆ ಒಂದೇ ಸಲಕ್ಕೆ ಒಪ್ಪುತ್ತಾರೆ. ಬಾಯಲ್ಲಿ ಹೇಳಿದರೆ ವಾದ ಆಗುತ್ತದೆ.

ಕುಮಟಾ ಮಳೆಗಾಲ (4:20)

ಭಾವ, ಇದು ಒಳ್ಳೆಯ ಮಾತು. ನಾನು 15–17 ಆಡುವವನು, ಆದರೂ ಒಪ್ಪುತ್ತೇನೆ.

ಅಪ್ಪೆಹುಳಿ ಶಿರಸಿ (4:32)

ನಾನು ಪೂರ್ತಿ ಒಪ್ಪುವುದಿಲ್ಲ. ಕೋಡಿಬಾಗ್‌ನವರು ಆನ್‌ಲೈನ್‌ನಲ್ಲಿ ವಾರಪೂರ್ತಿ 15–17 ಆಡಿ ಶನಿವಾರ ಬಂದು 12–14 ಅಂತ ನೆನಪಿಡಬೇಕು. ಗೊಂದಲ ಮಾವನಿಂದ ಅಳಿಯನ ಕಡೆಗೆ ದಾಟುತ್ತದೆ, ಅಷ್ಟೇ.

ಹೊನ್ನಾವರದ ಅಕ್ಕ (4:40)

ಅಳಿಯನ ವಯಸ್ಸಿಗೆ ಆ ಗೊಂದಲ ತಾಳುವ ಶಕ್ತಿ ಇರುತ್ತದೆ.

ಕೋಡಿಬಾಗ್ ಸಂಜೆ (ಮಂಗಳವಾರ, ರಾತ್ರಿ 8:30)

ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಮಾವನಿಗೆ ಓದಿ ಹೇಳಿದೆ. ಕರೆಂಟ್ ಹೋಗಿತ್ತು, ಹೊರಗೆ ಜೋರು ಮಳೆ. ಎಮರ್ಜೆನ್ಸಿ ದೀಪದ ಬೆಳಕಲ್ಲಿ ಆ 26 ಎಲೆ ಹುಡುಕಿ ಮೇಜಿನ ಮೇಲೆ ಹರಡಿದೆವು. ಸೋಂದೆ ಭಾವ ಹೇಳಿದ ಹಾಗೆ ಕಳಾವರ್ ರಾಜನ ಕತೆ ತೋರಿಸಿದೆ. ಮಾವ ರಾಜನನ್ನು ಬೆರಳಲ್ಲಿ ಎರಡು ಸಲ ಮುಂದೆ ಹಿಂದೆ ಸರಿಸಿದರು. "ಎಡಗಡೆಯಿಂದ ಬಂದರೆ ಬದುಕುತ್ತಾನೆ" ಅಂದರು. ಆಮೇಲೆ ಒಂದು ಉತ್ತರ ಬರೆ ಅಂತ ಹೇಳಿದರು. ಕೆಳಗಿನದು ಅವರ ಮಾತು, ನಾನು ಟೈಪ್ ಮಾಡಿದ್ದು.

"ಎಲ್ಲರಿಗೂ ನಮಸ್ಕಾರ. ನನ್ನ ಪರವಾಗಿ ಮಾತಾಡಿದವರಿಗೂ, ಎದುರು ಮಾತಾಡಿದವರಿಗೂ ಧನ್ಯವಾದ. ನಾನು ಕಲಿಯುವಾಗ ಮೇಜಿನ ಮೇಲೆ ಬಿಡ್ಡಿಂಗ್ ಬಾಕ್ಸ್ ಇರಲಿಲ್ಲ, ಬಾಯಲ್ಲೇ ಹೇಳುತ್ತಿದ್ದೆವು. ಊಟದ ಬಿಡುವಿನಲ್ಲಿ ನಾಲ್ಕು ಕೈ ಆಗುತ್ತಿತ್ತು. ನನ್ನ ಜೋಡಿಯಾಗಿದ್ದವರು ಈಗ ಇಲ್ಲ. ಅವರೊಟ್ಟಿಗೆ ಹದಿನೆಂಟು ವರ್ಷ 12–14 ಆಡಿದೆ. ಅದನ್ನು ಬಿಡು ಅಂದರೆ ಅವರನ್ನು ಬಿಟ್ಟ ಹಾಗೆ ಅನಿಸುತ್ತದೆ. ಇದು ವಾದ ಅಲ್ಲ, ನನಗೆ ಅನಿಸಿದ್ದು.

ಟ್ರಾನ್ಸ್‌ಫರ್ ಒಪ್ಪಿದೆ. ಎಲೆ ಇಟ್ಟು ನೋಡಿದ ಮೇಲೆ ಒಪ್ಪದೆ ಇರುವುದು ಹಟ ಆಗುತ್ತದೆ. ಸ್ಟೇಮನ್ ನನಗೆ ಮೊದಲೇ ಗೊತ್ತು. ಬ್ಲಾಕ್‌ವುಡ್ ಹಳೇದೇ ಸಾಕು. ಶನಿವಾರ ನಾನು ಸುಮ್ಮನಿದ್ದದ್ದು ಸಿಟ್ಟಿನಿಂದ ಅಲ್ಲ. ತಪ್ಪು ಯಾರದ್ದು ಅಂತ ಯೋಚಿಸುತ್ತಿದ್ದೆ. ಇಬ್ಬರದ್ದೂ. ಎರಡು ವರ್ಷದಲ್ಲಿ ಒಂದು ಸಲವೂ ಕೂತು ಮಾತಾಡಲಿಲ್ಲ."

ಸೋಂದೆ ಭಾವ (8:41)

ಹಿರಿಯರಿಗೆ ನಮಸ್ಕಾರ. ಶಿರಸಿ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಜೋಡಿಯಾಗಿ ಕೂರೋಣ, 12–14.

ಅಪ್ಪೆಹುಳಿ ಶಿರಸಿ (8:50)

ನನ್ನ ವಾದ ಹಿಂದೆ ತೆಗೆದುಕೊಂಡೆ. ಒಂದೇ ಒಂದು ಕೇಳಿಕೆ: ಹಾಳೆಯಲ್ಲಿ ಉತ್ತರದ ಲೆಕ್ಕವನ್ನೂ ಬರೆಯಿರಿ. ಬರೀ "12–14" ಅಂತ ಬರೆದರೆ ಸಾಲದು. ಸಮನಾದ ಕೈಯಲ್ಲಿ 10 ಪಾಯಿಂಟು ಇದ್ದರೆ ಈಗ ಪಾಸ್. 11–12 ಇದ್ದರೆ 2 ನೋಟ್ರಂಪ್, ಆಹ್ವಾನ. 13 ಇದ್ದರೆ 3 ನೋಟ್ರಂಪ್. ನಿಮ್ಮ ಮೊದಲ ಕೈ ಕೆಟ್ಟದ್ದು ಇಲ್ಲೇ.

ಕರಿ ಇಶಾಡ (9:05)

ಅಂಕೋಲೆಯಿಂದ ಶನಿವಾರ ಬಂದು ಹಿಂದೆ ಕೂತು ನೋಡಬಹುದಾ? ಮಾತಾಡುವುದಿಲ್ಲ.

ಕೋಡಿಬಾಗ್ ಸಂಜೆ (9:08)

ಬನ್ನಿ. ಚಹಾ ಐದಕ್ಕೆ.

ಕೋಡಿಬಾಗ್ ಸಂಜೆ (ಮುಂದಿನ ಭಾನುವಾರ, ಬೆಳಿಗ್ಗೆ 10:15)

ನಿನ್ನೆಯ ವರದಿ. ಒಂದು ಹಾಳೆ ಬರೆದು ಪಕ್ಕದ ಮನೆಯವರಿಗೂ ಒಂದು ಪ್ರತಿ ಕೊಟ್ಟೆವು. ಅವರೂ ತಮ್ಮದು ಬರೆದು ತಂದಿದ್ದರು. ಮಾವ 1 ನೋಟ್ರಂಪ್ ಅಂದದ್ದು ಐದು ಸಲ. ಟ್ರಾನ್ಸ್‌ಫರ್ ಬಂದದ್ದು ಎರಡು ಸಲ. ಮೊದಲ ಸಲ ನಾನು 2 ಡೈಮಂಡ್ (ಆಟೀನಿಗೆ ಹೋಗಿ ಅಂತ) ಅಂದಾಗ ಅವರು ಎಲೆಯಿಂದ ತಲೆ ಎತ್ತಲಿಲ್ಲ. ಬಹಳ ಹೊತ್ತು ಆಯಿತು. ಕುಮಟಾದವರು ಹೇಳಿದ ಹಾಗೆ ನಾನು ಮೇಜು ನೋಡುತ್ತಾ ಕೂತೆ. ಆಮೇಲೆ "2 ಆಟೀನು" ಅಂದರು. ಪಾಸ್ ಮಾಡಿದೆ. ಒಂಬತ್ತು ಟ್ರಿಕ್ ಬಂತು, 140. ಎರಡನೇ ಸಲ ಯೋಚಿಸಲೇ ಇಲ್ಲ, ತಕ್ಷಣ ಹೇಳಿದರು.

10 ಪಾಯಿಂಟು ಇಟ್ಟುಕೊಂಡು ಒಂದು ಸಲ ಪಾಸ್ ಮಾಡಿದೆ. ಕೈ ನಡುಗಿತು. ಏಳೇ ಟ್ರಿಕ್ ಬಂತು, ಸರಿಯಾಗಿ.

ಈಗ ಹೊಸ ಪ್ರಶ್ನೆ. ಮಾವನ 1 ನೋಟ್ರಂಪ್‌ಗೆ ಬಲಗಡೆಯವರು ಡಬಲ್ ಕೊಟ್ಟರು. ಆಗ ನಾನು 2 ಕಳಾವರ್ ಅಂದರೆ ಸ್ಟೇಮನ್ನಾ? ಮಾವ ಅಲ್ಲ ಅನ್ನುತ್ತಾರೆ.

ಕುಮಟಾ ಮಳೆಗಾಲ (10:27)

ಮಾವ ಹೇಳಿದ್ದು ಸರಿ. ಅವರ ಆಕೋಲ್‌ನಲ್ಲಿ ಡಬಲ್ ಬಿದ್ದ ಮೇಲೆ 2ರ ಮಟ್ಟದ ಬಿಡ್ ಎಲ್ಲ ಓಡಿ ತಪ್ಪಿಸಿಕೊಳ್ಳಲು. 2 ಕಳಾವರ್ ಅಂದರೆ ಕೈಯಲ್ಲಿ ಕಳಾವರ್ ಐದೋ ಆರೋ ಉಂಟು ಅಂತಲೇ. ಟ್ರಾನ್ಸ್‌ಫರ್ ಕೂಡ ಆಗ ಇಲ್ಲ. ಹಾಳೆಯಲ್ಲಿ ಸೇರಿಸಿ.

ಸೋಂದೆ ಭಾವ (10:31)

ಪಕ್ಕದ ಮನೆಯವರ ಪ್ರತಿಯಲ್ಲೂ.